ಸತ್ತವರ ಕಣ್ಣು ತೆರೆಸುವ ವಹಾಬರು

ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಳ್ಳದ ಮುದುಕಿಯರಿಗೆ ಹಡಗಲಿ ಸೀಮೆಯಲ್ಲೇನೂ ಬರವಿರಲಿಲ್ಲ. ಉಸಿರು ನಿಂತು, ಹೆಣ ಕೂರಿಸಿ ವಿಭೂತಿ ಹಚ್ಚಿದ ಮೇಲೆ ಮಕ್ಕಳಿಗೆ ಎಚ್ಚರವಾಗುತ್ತಿತ್ತು. ಆಗ ಅಬ್ದುಲ್ ವಹಾಬರ ಸ್ಟುಡಿಯೋಗೆ ಓಡುತ್ತಿದ್ದರು. ವಹಾಬರು ಹೋಗಿ ಫೋಟೋ ತೆಗೆದು, ರೀಲು ತೊಳೆದು, ಪ್ರಿಂಟಿನ ಮೇಲೆ ಸಣ್ಣ ಕುಂಚದಿಂದ ಮುಚ್ಚಿದ ಕಣ್ಣು ತೆರೆಸಿ ಕೊಡುತ್ತಿದ್ದರು. ಆ ವಿದ್ಯೆಯ ಜಂಬ ಅವರಿಗಿತ್ತು, ಇರಬೇಕಾದದ್ದೇ.

ಎರಡು ಸಾವಿರದ ನಾಲ್ಕರ ಹೊತ್ತಿಗೆ ಕೈ ನಡುಗತೊಡಗಿತು. ಮಗಳು ಅಸ್ಫಿಯಾ ಹೊಸಪೇಟೆಯಲ್ಲಿ ಕಲಿತು ಬಂದು ಸ್ಟುಡಿಯೋದಲ್ಲಿ ಕಂಪ್ಯೂಟರ್, ಸ್ಕ್ಯಾನರ್ ಇಟ್ಟಳು. ಕಪ್ಪು ಬಿಳುಪು ರೀಲು ತೊಳೆಯುವ ಕೆಲಸ ಮಾತ್ರ ಅಪ್ಪನದು. ಒಣಗಿದ ನೆಗೆಟಿವ್ ಸ್ಕ್ಯಾನರಿಗೆ ಹೋದರೆ ಮುಂದಿನದೆಲ್ಲ ಮಗಳದೇ ಕಾರುಬಾರು. ವಹಾಬರು ಗೊಣಗುತ್ತಲೇ ಸ್ಟೂಲು ಎಳೆದುಕೊಂಡು ಅವಳ ಪಕ್ಕದಲ್ಲಿ ಕೂರುತ್ತಿದ್ದರು.

ಆ ವರ್ಷ ಇಟ್ಟಿಗಿಯ ಶಿವಬಸಮ್ಮ ತೀರಿಕೊಂಡಳು. ಮಗ ಉಜ್ಜಿನಪ್ಪನ ಹತ್ತಿರ ತಾಯಿಯ ಒಂದು ಫೋಟೋವೂ ಇರಲಿಲ್ಲ. ವಹಾಬರು ಅಂದು ತೆಗೆದದ್ದೇ ಮೊದಲನೆಯದು, ಕೊನೆಯದು. ಅಸ್ಫಿಯಾ ಹಳೆಯ ನೆಗೆಟಿವ್‌ಗಳಲ್ಲಿ ಹುಡುಕಿ, ಯಾರದೋ ಅಜ್ಜಿಯ ಕಣ್ಣು ತಂದು ಶಿವಬಸಮ್ಮನಿಗೆ ಕೂರಿಸಿದಳು. ಗೆರೆಯೂ ಕಾಣದಂತೆ ಹೊಂದಿಕೊಂಡವು.

ಉಜ್ಜಿನಪ್ಪ ಪರದೆಯನ್ನು ಬಹಳ ಹೊತ್ತು ನೋಡಿದ.

"ಕಣ್ಣು ಚಲೋ ಅದಾವ್ರಿ ಸಾಬ್ರ. ಆದ್ರ ಇಕಿ ನಮ್ಮವ್ವ ಅಲ್ಲ. ನನ್ನ ಗುರ್ತ ಹಿಡಿಯವಲ್ಲಳ್ರಿ."

ಅಸ್ಫಿಯಾಳ ಮುಖ ಸಪ್ಪಗಾಯಿತು. ವಹಾಬರು ಕುಂಚಕ್ಕೆ ಕೈ ಚಾಚಿ, ತಮ್ಮ ಬೆರಳು ನೋಡಿಕೊಂಡು ಹಿಂದೆಗೆದರು. ಆಮೇಲೆ ಉಜ್ಜಿನಪ್ಪನನ್ನೇ ದಿಟ್ಟಿಸಿದರು.

"ನಿಮ್ಮವ್ವನ ಕಣ್ಣು ಯಾರಿಗೆ ಬಂದಾವು?"

"ನನಗ ಅಂತಾರ್ರಿ ಎಲ್ಲಾರೂ."

"ಮತ್ತ ಹಂಗ್ಯಾಕ ನಿಂತಿ? ಕುಂದ್ರು."

ಕ್ಯಾಮೆರಾಕ್ಕೆ ಹೊಸ ರೀಲು ಹಾಕಿ ಹೇಳಿದರು: "ನಿಮ್ಮವ್ವ ಇಲ್ಲೇ ಎದುರಿಗೆ ಕುಂತಾಳ ಅಂತ ತಿಳ್ಕಂಡು ನೋಡು."

ಉಜ್ಜಿನಪ್ಪ ನೋಡಿದ. ಹೆಣದ ಮುಂದೆ ಒಂದು ಹನಿಯೂ ಉದುರಿಸದ ಗಟ್ಟಿ ಆಳು ಅವನು. ಈಗ ಕಣ್ಣು ತುಂಬಿ ಬಂತು. ವಹಾಬರು ಬಟನ್ ಒತ್ತಿದರು.

ಮರುದಿನ ಉಜ್ಜಿನಪ್ಪ ಬಂದಾಗ ಪರದೆಯಲ್ಲಿ ಶಿವಬಸಮ್ಮ ಕಣ್ಣು ಬಿಟ್ಟು ಕೂತಿದ್ದಳು. ಅವನು ಕಂಡೊಡನೆ "ಅವ್ವಾ" ಎಂದ. ಅವಳ ಕಣ್ಣಂಚಿನಲ್ಲಿ ನೀರಿತ್ತು.

"ಆ ನೀರು ಅಳಿಸಿ ಕೊಡ್ತೀನ್ರಿ ಕಾಕಾ," ಎಂದಳು ಅಸ್ಫಿಯಾ.

"ಬ್ಯಾಡವ್ವ, ಇರ್ಲಿ," ಎಂದ ಉಜ್ಜಿನಪ್ಪ. "ನಾನು ಅತ್ರ ಅಕಿನೂ ಅಳ್ತಿದ್ಲು."