ಸರ್ವೋತ್ತಮನ ಎರಡು ಶೀಶೆಗಳು

ಕಾಪುವಿನ ಸರ್ವೋತ್ತಮ ಅಬುಧಾಬಿಯ ಲ್ಯಾಬಿಗೆ ಬಂದಾಗ ಅಲ್ಲಿನ ಸ್ಟೋರ್ ನನ್ನ ಕೈಯಲ್ಲಿತ್ತು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಬಾಟಲಿಗಳ ಲೇಬಲ್ ಓದಿ ಓದಿ ರಸಾಯನ ಕಲಿತವನು. ಆದ್ದರಿಂದ ಅವನ ಕೆಲಸವನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ. ಚಿನ್ನದ ಇಪ್ಪತ್ತೈದು ಪರಮಾಣುಗಳು ಗೊಂಚಲು ಕಟ್ಟಿದರೆ ಅದು ಚಿನ್ನದಂತೆ ಕಾಣುವುದಿಲ್ಲ. ನೇರಳೆ ದೀಪ ಹಿಡಿದರೆ ಕೆಂಪಗೆ ಬೆಳಗುತ್ತದೆ. ಸುಮ್ಮನೆ ಬಿಟ್ಟರೆ ಗೊಂಚಲುಗಳು ಒಂದಕ್ಕೊಂದು ಅಂಟಿಕೊಂಡು ಬೆಳಕು ಸಾಯುತ್ತದೆ. ಅದಕ್ಕೇ ಸರ್ವೋತ್ತಮ ಜೇನುಹುಟ್ಟಿನಂತೆ ಮೈಯೆಲ್ಲ ತೂತಿರುವ ಬಿಳಿ ಪುಡಿ ಮಾಡಿ, ಒಂದೊಂದು ತೂತಿನಲ್ಲಿ ಒಂದೊಂದು ಗೊಂಚಲನ್ನು ಕೂರಿಸಲು ಹೊರಟಿದ್ದ.

೨೦೧೪ರ ಏಪ್ರಿಲಿನಲ್ಲಿ ಅದು ಬೆಳಗಿತು. ವಿಭಾಗದ ಮುಖ್ಯಸ್ಥರು ಊರಿಗೆಲ್ಲ ಡಂಗುರ ಹೊಡೆದರು. ಜೂನಿನ ನಂತರ ಹನ್ನೊಂದು ಸಲ ಮಾಡಿದ; ಹನ್ನೊಂದು ಸಲವೂ ಕಂದು ಗಸಿ. ಆಗಸ್ಟ್ ಕೊನೆಗೆ ಅವನ ಕಾಂಟ್ರಾಕ್ಟ್ ಮುಗಿಯುವುದಿತ್ತು. ಅವನ ವೀಸಾ ಹೋದರೆ ಹೆಂಡತಿ ಯಶ್ಮಿತಾಳದ್ದೂ ಮಗಳದ್ದೂ ಹೋದಂತೆಯೇ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೊಸ ಶೀಶೆ ಬೆಳಗುವುದನ್ನು ಕಣ್ಣಾರೆ ಕಾಣಬೇಕು, ಇಲ್ಲದಿದ್ದರೆ ಕಾಂಟ್ರಾಕ್ಟ್ ಮುಂದುವರಿಸುವ ಕಾಗದಕ್ಕೆ ಸಹಿ ಇಲ್ಲ ಎಂದರು ಮುಖ್ಯಸ್ಥರು.

ಇನ್ನೂ ಬೆಳಗುವ ಏಪ್ರಿಲಿನ ಶೀಶೆ ಒಂದು ಅವನ ಬಳಿ ಉಳಿದಿತ್ತು. ಗುರುವಾರ ಸಂಜೆ ಅದನ್ನು ಜೇಬಿಗೆ ಹಾಕಿಕೊಂಡದ್ದನ್ನು ಕಂಡೆ.

ಮರುದಿನ ಟೂರಿಸ್ಟ್ ಕ್ಲಬ್ ಏರಿಯಾದ ಅವನ ಒಂದು ಕೋಣೆಯ ಫ್ಲಾಟಿಗೆ ನನ್ನನ್ನು ಚಹಾಕ್ಕೆ ಕರೆದಿದ್ದ. ಯಶ್ಮಿತಾ ಹಿಂದಿನ ದಿನ ಹುರಿದಿದ್ದ ಅವಲಕ್ಕಿ ತಟ್ಟೆಗೆ ಸುರಿದಳು. ಜಗಿದರೆ ಒದ್ದೆ ಕಾಗದ. ಡಬ್ಬದ ಮುಚ್ಚಳ ಹಾಕದೆ ಬಿಟ್ಟವನು ಅವನೇ.

“ಹುರಿದದ್ದನ್ನು ಹೀಗೆ ತೆರೆದಿಟ್ರೆ ಗರಿ ಉಳೀತದಾ ಮಾರಾಯ್ರೆ? ಗಾಳಿಯ ಪಸೆ ಎಲ್ಲ ಇದರ ಹೊಟ್ಟೆಗೆ. ರಸಾಯನದ ಡಾಕ್ಟರಂತೆ!” ಎಂದಳು.

ಸರ್ವೋತ್ತಮನ ಕೈ ತಟ್ಟೆಯಲ್ಲೇ ನಿಂತಿತು. ಮರುಭೂಮಿಯ ಗಾಳಿ ಒಣಗಾಳಿ ಎಂದೇ ಅವನ ಲೆಕ್ಕ. ಜೂನ್ ಬಂದರೆ ಕಡಲಿನ ಪಸೆ ಗಾಳಿಗೇರಿ, ಲ್ಯಾಬಿನ ಈಜಿಪ್ಟಿನವರು ಸೆಕೆ ಸೆಕೆ ಎಂದು ಗೋಳಾಡುತ್ತಿದ್ದರು. ಕಡಲ ಬದಿಯಲ್ಲಿ ಬೆವರಿ ಬೆಳೆದ ಇವನಿಗೆ ಮಾತ್ರ ಅದು ತಾಗಿಯೇ ಇರಲಿಲ್ಲ. ಪ್ರತಿ ಗುರುವಾರ ಪುಡಿಯನ್ನು ಒಲೆಯಲ್ಲಿ ಒಣಗಿಸಿ, ಮೇಲೊಂದು ಕಾಗದ ಮುಚ್ಚಿ ಮನೆಗೆ ಬರುತ್ತಿದ್ದ. ಶುಕ್ರವಾರ, ಶನಿವಾರ ಅಲ್ಲಿ ರಜೆ; ಆ ಎರಡು ದಿನ ಕಟ್ಟಡದ ಎಸಿ ಬಂದ್. ತೂತುಗಳಿಗೆಲ್ಲ ನೀರು ಹೊಕ್ಕ ಮೇಲೆ ಚಿನ್ನ ಕೂರುವುದೆಲ್ಲಿ?

ಕಾರಣ ಸಿಕ್ಕಿತು; ಆದರೆ ಲ್ಯಾಬಿಗೆ ಭಾನುವಾರದವರೆಗೆ ಬೀಗ. ತೆರೆದರೂ ಪುಡಿ ಒಣಗಿಸಿ ಚಿನ್ನದ ನೀರಿನಲ್ಲಿ ನೆನೆಸಲು ನಾಲ್ಕು ದಿನ ಬೇಕು. ಬೋನಿಗೆ ಬಿದ್ದ ಇಲಿಯಂತೆ ಅವನು ಕಿಟಕಿಗೂ ಬಾಗಿಲಿಗೂ ತಿರುಗಿದ. ನಾಲ್ಕು ಹೆಜ್ಜೆಗೆ ಆ ಕೋಣೆ ಮುಗಿಯುತ್ತಿತ್ತು.

ಭಾನುವಾರ ನೇರಳೆ ದೀಪ ಹಿಡಿದು ನಿಂತವನು ನಾನೇ. ಸರ್ವೋತ್ತಮ ಜೇಬಿಗೆ ಕೈ ಹಾಕಿದ. ಒಂದು ಗಳಿಗೆ ಕೈ ಅಲ್ಲೇ ಇತ್ತು. ಆಮೇಲೆ ಬರಿಗೈ ತೆಗೆದು, ಹನ್ನೊಂದನೆಯ ಕಂದು ಶೀಶೆಯನ್ನು ದೀಪದಡಿ ಇಟ್ಟ. ಇದು ಬೆಳಗುವುದಿಲ್ಲ, ತಪ್ಪು ನನ್ನದು, ಗುರುವಾರದವರೆಗೆ ಸಮಯ ಕೊಡಿ ಎಂದ. ಮುಖ್ಯಸ್ಥರು ಗಂಟು ಮುಖದಲ್ಲೇ ಒಪ್ಪಿದರು.

ಈ ಸಲ ಒಲೆಯಿಂದ ತೆಗೆದ ಪುಡಿಗೆ ಹೊರಗಿನ ಗಾಳಿ ಸೋಕಲು ಬಿಡಲಿಲ್ಲ. ಗುರುವಾರ ದೀಪ ಹಿಡಿದಾಗ ಶೀಶೆ ಕೆಂಡದಂತೆ ಬೆಳಗಿತು. ಕಾಂಟ್ರಾಕ್ಟ್ ಒಂದು ವರ್ಷ ಮುಂದೆ ಹೋಯಿತು. ಅದೇ ಪುಡಿಯನ್ನು ಇನ್ನೂ ನೂರು ಶೀಶೆ ಮಾಡಬೇಕು, ಅಲ್ಲಿಯವರೆಗೆ ಊರಿನ ರಜೆ ಅಲ್ಲಿನವರ ಮಾತಿನಲ್ಲಿ ‘ಮಾಫಿ’, ಅಂದರೆ ಇಲ್ಲ, ಎಂಬ ಷರತ್ತಿನೊಂದಿಗೆ. ಅವನು ಊರು ಕಾಣದೆ ಆಗಲೇ ಮೂರು ವರ್ಷ.

ಆ ಸಂಜೆ ಕಾಗದ ತೋರಿಸಿದಾಗ ಯಶ್ಮಿತಾ ತಾರೀಕಿನ ಮೇಲೆ ಬೆರಳಿಟ್ಟು ಕೇಳಿದಳಂತೆ: “ಬರುವ ಆಗಸ್ಟಿಗೆ ಏನು ಮಾಡುದು?”

ಅವನು ಅವಲಕ್ಕಿ ಡಬ್ಬದ ಮುಚ್ಚಳವನ್ನು ಇನ್ನೊಮ್ಮೆ ಒತ್ತಿ ನೋಡಿದನಂತೆ.