ಹತ್ತಿ ಕೋಣೆಯೊಳಗಿನ ದೇಶ

ಸೈಕಲ್ ರಿಪೇರಿ ಅಂಗಡಿಯ ಮುಂದೆ ಹಾಯುವಾಗ ಗ್ರೀಸಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕಾಲು ನಿಲ್ಲುತ್ತದೆ. ಅರಿವಿಲ್ಲದೆ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತೇನೆ. ಆ ವಾಸನೆಯ ಹಿಂದೆಯೇ ಶಲವಡಿಯ ನಮ್ಮ ಮನೆ ಬರುತ್ತದೆ. ಪಡಸಾಲೆಯ ಪಕ್ಕದ ಕೋಣೆ, ಅದರಲ್ಲಿ ತೊಲೆ ಮುಟ್ಟುವಂತೆ ಒಟ್ಟಿದ ಹತ್ತಿ, ಬೆಳಕಿಂಡಿಯಿಂದ ಓರೆಯಾಗಿ ಇಳಿದ ಬಿಸಿಲು, ಆ ಬಿಸಿಲಿನಲ್ಲಿ ಗೋಡೆಗೆ ಒರಗಿ ಕುಳಿತ ಗಂಗಕ್ಕ.

ಗಂಗಕ್ಕ ದೊಡ್ಡಪ್ಪನ ಮಗಳು, ನನಗಿಂತ ಆರು ವರ್ಷ ದೊಡ್ಡವಳು. ಎಳವೆಯಲ್ಲಿ ಬಂದ ಜ್ವರ ಆಕೆಯ ಕಾಲುಗಳ ಶಕ್ತಿಯನ್ನು ಒಯ್ದಿತ್ತು. ನನಗೆ ಒಡಹುಟ್ಟಿದವರಿರಲಿಲ್ಲ. ಹೊಲದ ಕೆಲಸಕ್ಕೆ ಹಿರಿಯರೆಲ್ಲ ಹೋದ ಮೇಲೆ ಆ ದೊಡ್ಡ ಮನೆಯಲ್ಲಿ ಉಳಿಯುತ್ತಿದ್ದವರು ನಾವಿಬ್ಬರು ಮತ್ತು ಕಿವಿ ಕೇಳದ ಅಜ್ಜಿ. ಆಗ ನಾವು ಹತ್ತಿಯ ರಾಶಿಯಲ್ಲಿ ಒಂದು ದೇಶ ಕಟ್ಟಿದೆವು. ಅದರ ಹೆಸರು ಬಿಳಿಗುಡ್ಡ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಗಂಗಕ್ಕ ಅದರ ನಕ್ಷೆ ಬರೆದಳು. ಅಲ್ಲಿ ರಾಣಿಯೊಬ್ಬಳ ಕೋಟೆಯಿತ್ತು, ಮಾತನಾಡುವ ಬಾವಿಯಿತ್ತು, ಬಣ್ಣ ಬದಲಿಸುವ ಕುದುರೆಗಳಿದ್ದವು. ಕುದುರೆ ಏರಿ ಗುಡ್ಡ ಹತ್ತುವವಳು, ಜಾರಿ ಇಳಿಯುವವಳು ನಾನು. ಕೂತಲ್ಲಿಂದ ದಾರಿ ಹೇಳುವವಳು ಆಕೆ. ನಿಮ್ಮ ಮನೆಯಲ್ಲೂ ಹೀಗೆ ಆಡಿದ ಕೋಣೆಯೊಂದಿದ್ದರೆ, ಅಲ್ಲಿಂದ ಊಟಕ್ಕೆ ಎದ್ದು ಹೊರಗೆ ಬರುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತಿರುತ್ತದೆ.

ಒಂದೇ ಒಂದು ವಿಷಯಕ್ಕೆ ನಮ್ಮಲ್ಲಿ ಜಗಳವಾಗುತ್ತಿತ್ತು. ರಾಣಿ ಕೋಟೆಯ ಮೇಲೆ ಹೋಗಬೇಕಾದಾಗ ನಾನು ಮಂತ್ರ ಹೇಳಿಸುತ್ತಿದ್ದೆ. ಗಂಗಕ್ಕ ಒಪ್ಪುತ್ತಿರಲಿಲ್ಲ. ಹಗ್ಗ, ಗಾಲಿ, ತಿರುಗಣಿ ಇಟ್ಟು ಮೇಲೇರುವ ಬಂಡಿಯೊಂದನ್ನು ಬರೆದು ತೋರಿಸುತ್ತಿದ್ದಳು. "ಮಂತ್ರದ ದೇಶದಾಗ ಬಂಡಿ ಯಾಕಬೇಕಕ್ಕಾ?" ಎಂದು ಒಮ್ಮೆ ಕೂಗಾಡಿದೆ.

"ಮಂತ್ರ ಒಲಿದವರಿಗಷ್ಟ ಬೇ ಶಾರೀ," ಎಂದಳು ಆಕೆ. "ಗಾಲಿಗೆ ಹಂಗಿಲ್ಲ. ಯಾರು ತಿರುವಿದ್ರೂ ತಿರಗತೈತಿ."

ಆಕೆಯ ತೋಳಿನಲ್ಲಿ ಮೂರು ತಾಯಿತಗಳಿದ್ದವು. ಹರಕೆ, ವಿಭೂತಿ, ನಾಟಿ ಎಣ್ಣೆ ಎಂದು ಮನೆಯವರು ಆಕೆಯನ್ನು ಎತ್ತಿಕೊಂಡು ಸುತ್ತದ ಊರಿರಲಿಲ್ಲ. ಅದನ್ನೂ ಈ ಮಾತನ್ನೂ ಕೂಡಿಸಿ ನೋಡುವ ವಯಸ್ಸು ನನಗಿನ್ನೂ ಬಂದಿರಲಿಲ್ಲ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ದೊಡ್ಡಪ್ಪ ಎಲ್ಲೆಲ್ಲೋ ಅರ್ಜಿ ಕೊಟ್ಟು ಮೂರು ಗಾಲಿಯ ಸೈಕಲ್ ತರಿಸಿದರು. ಕಾಲಿನ ಬದಲು ಕೈಯಿಂದ ತಿರುವುವಂಥದ್ದು. ಮೊದಲ ದಿನವೇ ಗಂಗಕ್ಕ ಊರಬಾಗಿಲ ಅಗಸಿಯವರೆಗೆ ಹೋಗಿ ಬಂದಳು. ವಾರದೊಳಗೆ ಹೊಲಿಗೆ ಕಲಿಯಲು ಹೊರಟಳು, ಗೆಳತಿಯರಾದರು. ಸಂಜೆ ಮನೆಗೆ ಬಂದರೆ ಮಾತೆಲ್ಲ ರಸ್ತೆಯದೇ. ಹತ್ತಿಯ ಕೋಣೆಯಲ್ಲಿ ನಾನೊಬ್ಬಳೇ ಗುಡ್ಡ ಹತ್ತಿ ಕೂತೆ. ದಾರಿ ಹೇಳುವವರಿಲ್ಲದೆ ಅದು ಬರೀ ಹತ್ತಿಯಾಗಿತ್ತು.

ಆಕೆ ಮನೆಯಲ್ಲೇ ಮಲಗಿದ್ದ ಒಂದು ಮಧ್ಯಾಹ್ನ ಆ ಸೈಕಲ್ಲಿನ ಸರಪಳಿ ಬಿಚ್ಚಿ ಹತ್ತಿಯೊಳಗೆ ಹುಗಿದೆ.

ಸರಪಳಿ ಕಾಣದಾದಾಗ ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಎಂದು ಅಜ್ಜಿ ಗಾಲಿಗೆ ಲಿಂಬೆಹಣ್ಣು ಕಟ್ಟಿದಳು. ಸೈಕಲ್ ಅಂಗಡಿಯ ದಾದಾಪೀರ ಕಾಕಾ ಬಂದು ಬಗ್ಗಿ ನೋಡಿ, "ಸರಪಳಿ ತಾನಾಗೇ ಮಾಯ ಆಗಂಗಿಲ್ರಿ ಯಜಮಾನ್ರ, ಯಾರೋ ಬಿಚ್ಚ್ಯಾರ," ಎಂದ. ಎಲ್ಲರೂ ಓಣಿಯ ಕಡೆ ನೋಡಿದರು. ಗಂಗಕ್ಕ ಮಾತ್ರ ನನ್ನ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಕಪ್ಪು ಉಳಿದಿತ್ತು.

ಮರುದಿನ ಮುಂಜಾನೆ ನೆಲಕ್ಕೆ ಕೈ ಊರಿ ತೆವಳುತ್ತ ಕೋಣೆಗೆ ಬಂದಳು. ನಾನು ಅಳತೊಡಗಿದೆ. "ನೀ ಇಲ್ಲೇ ಇರವಾ ಅಕ್ಕಾ," ಎಂದೆ.

"ಇಷ್ಟು ದಿನ ನಿನ್ನ ಕಾಲಿಲೆ ಅಡ್ಡಾಡಿದೆ," ಎಂದಳು. "ಈಗ ನನ್ನ ಕೈಲೆ ಅಡ್ಡಾಡಬೇಕು ಅನಸ್ತೈತಿ. ಕೊಡ, ಶಾರೀ."

ನಾನು ಅಗೆದು ತೆಗೆದುಕೊಟ್ಟೆ. ಗ್ರೀಸಿಗೆ ಹತ್ತಿ ಮೆತ್ತಿಕೊಂಡು ಸರಪಳಿ ಬೆಳ್ಳಗಾಗಿತ್ತು. ಇಬ್ಬರೂ ಎದುರುಬದುರು ಕೂತು ಒಂದೊಂದೇ ಎಳೆ ಬಿಡಿಸಿದೆವು. ಬಹಳ ಹೊತ್ತು ಹಿಡಿಯಿತು. ನಾವಿಬ್ಬರೂ ಆ ಕೋಣೆಯಲ್ಲಿ ಕೂಡಿ ಕೂತದ್ದು ಅದೇ ಕೊನೆ.

ಮುಂದೆ ಗಂಗಕ್ಕ ಮದುವೆಯಾಗಿ ಅಳ್ನಾವರ ಸೇರಿದಳು, ಹೊಲಿಗೆ ಅಂಗಡಿ ಇಟ್ಟಳು. ಮನೆ ಪಾಲಾಯಿತು. ಈಗ ಹತ್ತಿ ಹೊಲದಿಂದಲೇ ಗಾಡಿ ಏರಿ ಹೋಗುತ್ತದೆ. ಕೆಲವು ವರ್ಷಗಳ ಹಿಂದೆ ಅಳ್ನಾವರಕ್ಕೆ ಹೋದಾಗ ಆಕೆ ಕರೆಂಟಿನ ಮಷಿನ್ನಿನ ಮುಂದೆ ಕೂತಿದ್ದಳು, ಸುತ್ತ ಗಿರಾಕಿಗಳು. ಚಹಾ ಕುಡಿಯುತ್ತ ಕೇಳಿದೆ: "ಅಕ್ಕಾ, ಬಿಳಿಗುಡ್ಡದ ಬಾವಿ ಕೋಟಿ ಒಳಗಿತ್ತೋ, ಹೊರಗೋ?"

ಆಕೆ ನೂಲು ಕಡಿದು ತಲೆಯೆತ್ತಿದಳು. "ಬಿಳಿಗುಡ್ಡ? ಅದ್ಯಾವ ಊರಬೇ?"

"ಏನಿಲ್ಲಕ್ಕಾ," ಎಂದೆ. ಆಕೆಯ ಮುಖ ತುಂಬಿತ್ತು. ಯಾವುದರ ಕೊರತೆಯೂ ಅಲ್ಲಿ ಕಾಣಲಿಲ್ಲ. ನನಗೆ ಅದರಿಂದ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೂ ಮರಳುವಾಗ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಹೋದ ವರ್ಷ ಗಂಗಕ್ಕ ತೀರಿಕೊಂಡಳು. ಈಗ ನಾನು ಆ ಬಾವಿಯನ್ನು ಕೋಟೆಯ ಒಳಗಿತ್ತೆಂದು ಹೇಳಿದರೂ ಸರಿ, ಹೊರಗಿತ್ತೆಂದರೂ ಸರಿ. ತಪ್ಪೆಂದು ತಿದ್ದುವವರು ಯಾರೂ ಇಲ್ಲ.