ಹೂವಪ್ಪಣ್ಣನ ನಾಲ್ಕು ನಿಮಿಷ

ಕಂಪ್ಯೂಟರಿನ ಬಗ್ಗೆ ನನಗೆ ಗಟ್ಟಿಯಾಗಿ ಗೊತ್ತಿರುವ ಸಂಗತಿ ಒಂದೇ. ಅದು ತಾನಾಗಿ ಬರೆದದ್ದನ್ನು ನಾವು ಕೈಯಿಂದ ತಿದ್ದಬಾರದು. ತಿದ್ದಿದರೆ ಅದು ಜಗಳವಾಡುವುದಿಲ್ಲ, ಮುಖ ಊದಿಸಿಕೊಳ್ಳುವುದೂ ಇಲ್ಲ. ಮುಂದಿನ ಸಲ ಬರೆಯುವಾಗ ನಮ್ಮ ತಿದ್ದುಪಡಿಯನ್ನು ಸದ್ದಿಲ್ಲದೆ ಒರೆಸಿಬಿಡುತ್ತದೆ. ಪಿಯುಸಿಯಲ್ಲಿ ನಿಂತುಹೋದ ನನ್ನ ತಲೆಗೆ ಇಷ್ಟನ್ನು ತುಂಬಲು ತಮ್ಮ ಚಂದ್ರುವಿಗೆ ಹತ್ತು ವರ್ಷ ಹಿಡಿಯಿತು.

ಸಾಗರದ ಒಂದು ಓಣಿಯಲ್ಲಿ ನಮ್ಮದು ಸಣ್ಣ ವರ್ಕ್‌ಶಾಪು. ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಮಾಡುತ್ತೇವೆ. ಕರೆಂಟು ಬಂದ ಕೂಡಲೇ ಕೂಗಿ ಎಚ್ಚರಿಸಿ, ಸ್ವಲ್ಪ ಹೊತ್ತು ಕಾದು, ತಾನೇ ಮೋಟಾರು ಶುರು ಮಾಡುವ ಪೆಟ್ಟಿಗೆ ಅದು. ನಾನು ಸೋಲ್ಡರಿಂಗ್ ಮಾಡುವವಳು, ಒಳಗಿನ ಚಿಪ್ಪಿಗೆ ಬುದ್ಧಿ ತುಂಬುವವನು ಚಂದ್ರು. ಗಿರಾಕಿಗಳ ಬೇಡಿಕೆ ಒಂದೊಂದು ಥರ. ಒಬ್ಬರಿಗೆ ಜೋರು ಕೂಗು ಬೇಕು, ಇನ್ನೊಬ್ಬರಿಗೆ ಎರಡೇ ತಾಸು ನೀರು ಸಾಕು. ಇದೆಲ್ಲ ಆಯಾ ಗಿರಾಕಿಯ ಪಟ್ಟಿಯಲ್ಲಿರುತ್ತದೆ. ಪುಟ್ಟದೊಂದು ಪ್ರೋಗ್ರಾಮು ಆ ಪಟ್ಟಿ ಓದಿ ಚಿಪ್ಪಿಗೆ ಅರ್ಥವಾಗುವ ಕಾನ್ಫಿಗ್ ಫೈಲನ್ನು ಬರೆಯುತ್ತದೆ. ಫೈಲಿನ ತಲೆಯ ಮೇಲೇ ಒಂದು ಸಾಲು: ಇದನ್ನು ಕೈಯಿಂದ ತಿದ್ದಬೇಡಿ.

ನನಗೆ ಅರ್ಥವಾಗಲಿ ಎಂದು ಅವನು ಪಹಣಿಯ ಉದಾಹರಣೆ ಕೊಟ್ಟಿದ್ದ. ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ಪೆನ್ನಿನಿಂದ ತಿದ್ದಿದರೆ ಆಯಿತೇ? ಮೂಲದಲ್ಲೇ ಸರಿಯಾಗಬೇಕು. ನಾನು ಮೊಸರಿನ ಉದಾಹರಣೆ ಕೊಟ್ಟು ವಾದಿಸಿದ್ದೆ. ನಿನ್ನೆಯ ಮೊಸರೇ ಇವತ್ತಿನ ಹೆಪ್ಪು, ಅಲ್ಲಿ ಮೂಲ ಯಾವುದು, ಮಾಡಿದ್ದು ಯಾವುದು? ಅವನು ನಕ್ಕು, "ಅದಕ್ಕೇ ಅಕ್ಕ, ನಿನ್ನ ಮೊಸರು ದಿನಾ ಒಂದೊಂದು ರುಚಿ" ಎಂದ. ಅವನ ಮಾತಿನಲ್ಲಿ ಸತ್ಯವಿತ್ತು. ಅದಕ್ಕೇ ಎರಡು ದಿನ ಅವನ ತಟ್ಟೆಗೆ ಮೊಸರು ಹಾಕಲಿಲ್ಲ.

ಇನ್ನೊಂದು ತೊಂದರೆಯಿತ್ತು. ಚಿಪ್ಪಿಗೆ ತುಂಬುವುದನ್ನೆಲ್ಲ ಸಿದ್ಧಮಾಡುವ, ಅಂದರೆ ಬಿಲ್ಡ್ ಮಾಡುವ ವ್ಯವಸ್ಥೆ ಮಹಾ ಸೋಮಾರಿ. ಪಟ್ಟಿ ಹೊಸದೋ ಫೈಲು ಹೊಸದೋ ಎಂದು ಅವುಗಳನ್ನು ಕೊನೆಗೆ ಮುಟ್ಟಿದ ಹೊತ್ತು ನೋಡುತ್ತದೆ. ಫೈಲೇ ಹೊಸದಾಗಿ ಕಂಡರೆ, ಮತ್ತೆ ಬರೆಯುವುದು ಯಾಕೆ ಎಂದು ಸುಮ್ಮನಾಗುತ್ತದೆ. ಲ್ಯಾಪ್‌ಟಾಪಿನ ಗಡಿಯಾರ ಕೆಟ್ಟಾಗ ಇದರಿಂದ ಎಷ್ಟೋ ಸಲ ಮೋಸ ಹೋಗಿದ್ದೆವು. ಆಮೇಲೆ ಚಂದ್ರು ನಿಯಮ ಮಾಡಿದ: ಪ್ರತಿ ಸಲ ಬಿಲ್ಡ್ ಮಾಡುವ ಮೊದಲು ಆ ಗಿರಾಕಿಯ ಹಳೆಯ ಫೈಲುಗಳನ್ನೆಲ್ಲ ಅಳಿಸಿ, ಪಟ್ಟಿಯಿಂದಲೇ ಮೊದಲಿನಿಂದ ಬರೆಸಬೇಕು.

ಅವನು ಒಂದು ಭಾನುವಾರ ಸ್ನಾನ ಮುಗಿಸಿ ಬಂದು, ತಲೆ ಒರೆಸಿಕೊಳ್ಳುತ್ತಾ ಕುಸಿದು ಕೂತ. ಆಸ್ಪತ್ರೆಗೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದ. ನಲವತ್ತೊಂದು ವಯಸ್ಸು. ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ. ಎಚ್ಚರವಿಲ್ಲದೆ ಮುಟ್ಟಿದ ತಂತಿಯ ಹೊಡೆತ ಮೊಣಕೈಯಲ್ಲಿ ಉಳಿಯುತ್ತದಲ್ಲ, ಹಾಗೆ ಏನೋ ಉಳಿಯಿತು. ರೇಷನ್ ಕಾರ್ಡಿನಿಂದ ಹೆಸರು ತೆಗೆಸಲು ಹೋದಾಗ ಅದು ಮತ್ತೆ ಹೊಡೆಯಿತು. ಹೊಸ ಪ್ರತಿಯಲ್ಲಿ ಅಮ್ಮನ ಹೆಸರು, ನನ್ನ ಹೆಸರು, ಅಷ್ಟೇ. ಮೂರನೆಯ ಸಾಲೇ ಇರಲಿಲ್ಲ. ಒಂದು ಗೀಟು ಹೊಡೆದು ಬಿಟ್ಟಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಇಲ್ಲಿ ಒಬ್ಬನಿದ್ದ ಎಂದಾದರೂ ಗೀಟು ಹೇಳುತ್ತಿತ್ತು.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ವರ್ಕ್‌ಶಾಪು ತೆರೆದೆವು. ಸವಿತಾ ಎಂದು ಹೊಸನಗರದ ಹುಡುಗಿ, ಡಿಪ್ಲೊಮಾ ಓದಿದವಳು, ಚಂದ್ರುವಿನ ಜೊತೆ ನಾಲ್ಕು ವರ್ಷ ಕೆಲಸ ಮಾಡಿದ್ದಳು. ಮೇಜಿನ ಮೇಲೆ ತೀರ್ಥಹಳ್ಳಿ ಕಡೆಯ ಹೂವಪ್ಪಣ್ಣನ ಪೆಟ್ಟಿಗೆ ಸಿಡಿಲು ಹೊಡೆಸಿಕೊಂಡು ಕೂತಿತ್ತು. ನಾನು ಹೊಸ ಬೋರ್ಡು ಕೂರಿಸಿದೆ. ಸವಿತಾ ಚಂದ್ರು ಕಲಿಸಿದಂತೆಯೇ ಎಲ್ಲ ಅಳಿಸಿ, ಪಟ್ಟಿಯಿಂದ ಹೊಸದಾಗಿ ಬಿಲ್ಡ್ ಮಾಡಿ ಚಿಪ್ಪಿಗೆ ತುಂಬಿದಳು. ಮಂಗಳವಾರ ಪೆಟ್ಟಿಗೆಯನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದೆವು.

ಅಳಿಸುವ ಮೊದಲು ಹಳೆಯ ಫೈಲನ್ನು ಅವಳು ಪೆನ್ ಡ್ರೈವಿಗೆ ತೆಗೆದಿಟ್ಟಿದ್ದಳು. ಬುಧವಾರ ಮಧ್ಯಾಹ್ನ ಅದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದವಳು ತಟ್ಟನೆ ನನ್ನನ್ನು ಕರೆದಳು.

"ಅಕ್ಕ, ಇಲ್ನೋಡಿ. ಮೋಟ್ರು ಶುರು ಆಗೋ ಮುಂಚೆ ಕಾಯೋ ಹೊತ್ತು. ಹೊಸದ್ರಲ್ಲಿ ಮೂವತ್ತು ಸೆಕೆಂಡು. ಹಳೇದ್ರಲ್ಲಿ ಇನ್ನೂರ ನಲವತ್ತು."

"ಪಟ್ಟೀಲಿ ಎಷ್ಟಿದೆ?"

"ಪಟ್ಟೀಲೂ ಮೂವತ್ತೇ. ಚಂದ್ರಣ್ಣ ಫೈಲಿಗೇ ಕೈ ಹಾಕಿದಾರೆ ಅಕ್ಕ."

"ಸಾಧ್ಯವೇ ಇಲ್ಲ. ಅವನು ಹಾಗೆ ಮಾಡೋನಲ್ಲ" ಎಂದೆ. ಸವಿತಾ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಪರದೆಯ ಮೇಲೆ ಆ ಅಂಕಿ ಇತ್ತು, ಅಷ್ಟೇ.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಆ ಪೆಟ್ಟಿಗೆ ಕೂರಿಸಿ ಬಂದ ಮರುದಿನ ಊಟಕ್ಕೆ ಕೂತಾಗ ಚಂದ್ರು ಹೇಳಿದ್ದ. ಹೂವಪ್ಪಣ್ಣನಿಗೆ ಚಿಕ್ಕಂದಿನಿಂದ ಒಂದು ಕಾಲು ಸಣ್ಣ. ಪಂಪು ಇರುವುದು ಹಳ್ಳದ ಬದಿಯ ಆಳವಾದ ಗುಂಡಿಯಲ್ಲಿ. ಪೈಪಿನ ಬಾಯಿಗೆ ಸಿಕ್ಕಿದ ತರಗೆಲೆ ತೆಗೆಯಲು ಆತ ದಿನಾ ಬೆಳಿಗ್ಗೆ ಇಳಿಯುತ್ತಾನೆ. ಮೆಟ್ಟಿಲಿಗೆ ತಾಗಿಕೊಂಡೇ ತಿರುಗುವ ಬೆಲ್ಟು, ಅದಕ್ಕೆ ಮುಚ್ಚಳವಿಲ್ಲ. ಹತ್ತಲು ಎಷ್ಟು ಹೊತ್ತು ಬೇಕೆಂದು ಚಂದ್ರು ಮೊಬೈಲು ಹಿಡಿದು ಅಳೆದರೆ, ಹೂವಪ್ಪಣ್ಣ ಫೋಟೊ ತೆಗೆಯುತ್ತಿದ್ದಾನೆಂದು ತಲೆ ಬಾಚಿಕೊಳ್ಳಲು ನಿಂತನಂತೆ. ಸರಿಯಾಗಿ ಅಳೆದಾಗ ನಾಲ್ಕು ನಿಮಿಷ. ನಾವಿಬ್ಬರೂ ಆ ಬಾಚಣಿಗೆಗೆ ನಕ್ಕೆವು. ನಾಲ್ಕು ನಿಮಿಷವನ್ನು ಪಟ್ಟಿಗೆ ಹಾಕಿದೆಯಾ ಎಂದು ನಾನು ಕೇಳಲಿಲ್ಲ. ಹಳ್ಳದ ದಂಡೆಯಲ್ಲಿ, ಕೊನೆಯ ಬಸ್ಸಿನ ಗಡಿಬಿಡಿಯಲ್ಲಿ, ಅಂಕಿಯನ್ನು ನೇರ ಫೈಲಿಗೇ ಬರೆದು ಬಂದಿರಬೇಕು. ಅವನು ಬೈಯುತ್ತಿದ್ದ ಬಿಲ್ಡಿನ ಸೋಮಾರಿತನವೇ ಅವನ ತಿದ್ದುಪಡಿಯನ್ನು ಅವತ್ತು ಕಾಪಾಡಿತ್ತು. ನಾವು ಅವನ ನಿಯಮ ಪಾಲಿಸಿ ಅದನ್ನು ಒರೆಸಿದ್ದೆವು.

ಫೋನು ಮಾಡಿದೆ. ಎರಡು ಸಲ ರಿಂಗಾಗಿ ನಿಂತಿತು. ಮೂರನೆಯ ಸಲ ಎತ್ತಿದ.

"ಬೆಳಿಗ್ಗೆನೇ ಕೂರಿಸಿದೆ ತಂಗಿ. ಕೆಳಗಿದ್ದೆ, ಕರೆಂಟ್ ಬಂತು, ಕೂಗ್ತು. ಮೆಟ್ಲಿಗೆ ಕಾಲಿಡೋದ್ರೊಳಗೆ ಮೋಟ್ರು ತಿರುಗೇ ಹೋಯ್ತು! ಹೆಗಲ ಮೇಲಿನ ಟವೆಲ್ ಎಳ್ಕೊಂಡ್ಬಿಡ್ತು ಬೆಲ್ಟು. ಕುತ್ತಿಗೆಗೆ ಸುತ್ಕೊಂಡಿದ್ರೆ ಎಂತ ಕತೆ ಮಾರಾಯ್ತಿ? ಎಲ್ಲಿ ನಿನ್ನ ತಮ್ಮ? ಕೊಡು ಅವನಿಗೆ ಫೋನು. ಬೈಬೇಕು."

ಸ್ಟೂಲಿನ ಮೇಲೆ ಕೂತೆ. ಆತನಿಗೆ ಚಂದ್ರುವಿನ ಸುದ್ದಿಯೇ ಮುಟ್ಟಿರಲಿಲ್ಲ.

"ಮೊದ್ಲು ಆಟೋ ಸ್ವಿಚ್ ಆಫ್ ಮಾಡಿ ಹೂವಪ್ಪಣ್ಣ. ನಾವು ನಾಳೆ ಬರ್ತೀವಿ. ತಮ್ಮ ಇಲ್ಲ. ತೀರ್ಕೊಂಡ."

ಆ ಕಡೆಯಿಂದ ಆತ ಮೆಲ್ಲಗೆ ಕೇಳಿದ:

"ಹಂಗಾರೆ ನಂಗೆ ನಾಲ್ಕು ನಿಮಿಷ ಬೇಕು ಅಂತ ಈಗ ಯಾರಿಗೆ ಗೊತ್ತು?"

"ನಂಗೆ ಗೊತ್ತು" ಎಂದೆ. ಅಷ್ಟು ದಿನ ಬಾರದ ಅಳು ಆಗ ಬಂತು.

ಮರುದಿನ ನಾನು ಸಾಗರದಲ್ಲಿ ಬಸ್ಸು ಹತ್ತಿದೆ, ಸವಿತಾ ಅದೇ ಬಸ್ಸನ್ನು ಹೊಸನಗರದಲ್ಲಿ ಹತ್ತಿದಳು. ದಾರಿಯಲ್ಲೇ ಅವಳು ಪಟ್ಟಿಗೆ ಇನ್ನೂರ ನಲವತ್ತು ಸೇರಿಸಿದಳು. ನನಗೆ ಒಳಗೊಳಗೇ ಸಂತೋಷ. ಚಂದ್ರುವಿನ ಒಂದು ಅಂಕಿಯಾದರೂ ಇನ್ನು ಮೂಲದಲ್ಲೇ ಇರುತ್ತದೆ, ಎಷ್ಟು ಸಲ ಹೊಸದಾಗಿ ಬರೆಸಿದರೂ ಮರಳಿ ಬರುತ್ತದೆ.

ಹಳ್ಳದ ದಂಡೆ ತಲುಪಿದ ಮೇಲೆ ಸವಿತಾ, "ಒಂದ್ಸಲ ಅಳೆದು ನೋಡಾಣ ಅಕ್ಕ" ಎಂದಳು.

"ಚಂದ್ರು ಅಳೆದಿದಾನಲ್ಲ!" ನನ್ನ ದನಿ ಒರಟಾಯಿತು.

"ಎರಡು ವರ್ಷ ಆಯ್ತಲ್ಲ ಅಕ್ಕ."

ಹೂವಪ್ಪಣ್ಣ ಕೆಳಗಿಳಿದು, ನಾನು ಕೈ ಬೀಸಿದಾಗ ಹತ್ತತೊಡಗಿದ. ಒಂದು ಮೆಟ್ಟಿಲು, ಉಸಿರು. ಇನ್ನೊಂದು ಮೆಟ್ಟಿಲು, ಉಸಿರು. ಮೊಬೈಲಿನಲ್ಲಿ ನಾಲ್ಕು ನಿಮಿಷ ಆದಾಗ ಆತನ ಸಣ್ಣ ಕಾಲು ಇನ್ನೂ ಬೆಲ್ಟಿನ ಮಟ್ಟದಲ್ಲೇ ಇತ್ತು. ತಮ್ಮನ ಅಂಕಿ ಉಳಿಯಲಿ ಎಂಬ ಆಸೆಯಲ್ಲಿ ನಾನು ಏನು ಮಾಡಹೊರಟಿದ್ದೆ!

"ಎಷ್ಟಾಯ್ತು?" ಮೇಲೆ ಬಂದ ಹೂವಪ್ಪಣ್ಣ ಏದುಸಿರು ಬಿಡುತ್ತಾ ಕೇಳಿದ.

"ಐದೂವರೆ."

"ಸುಳ್ಳು ಹೇಳ್ಬೇಡ ಮಾರಾಯ್ತಿ. ನಿನ್ನ ತಮ್ಮ ನಾಲ್ಕೇ ಅಂದಿದ್ದ."

"ಅವತ್ತು ನಾಲ್ಕೇ ಇತ್ತು ಹೂವಪ್ಪಣ್ಣ."

ಲ್ಯಾಪ್‌ಟಾಪನ್ನು ಸವಿತಾಳ ತೊಡೆಯಿಂದ ತೆಗೆದುಕೊಂಡು, ಪಟ್ಟಿಯಲ್ಲಿದ್ದ ಇನ್ನೂರ ನಲವತ್ತನ್ನು ನಾನೇ ಅಳಿಸಿದೆ. ಆರು ನಿಮಿಷಕ್ಕೆ ಮುನ್ನೂರ ಅರವತ್ತು ಬರೆದೆ. ಸವಿತಾ ಹೊಸದಾಗಿ ಬಿಲ್ಡ್ ಮಾಡಿ ಚಿಪ್ಪಿಗೆ ತುಂಬಿದಳು. ಹೂವಪ್ಪಣ್ಣ ಪರೀಕ್ಷೆಗೆಂದು ಮತ್ತೆ ಇಳಿದ. ಸವಿತಾ ಮೇನ್ ಸ್ವಿಚ್ ಹಾಕಿದಳು, ಪೆಟ್ಟಿಗೆ ಕೂಗಿತು, ಆತ ಹತ್ತಿ ಬಂದು ನಮ್ಮ ಪಕ್ಕ ಕಲ್ಲಿನ ಮೇಲೆ ಕೂತ. ಮೋಟಾರು ಇನ್ನೂ ಸುಮ್ಮನಿತ್ತು.

"ಇನ್ನೂ ಎಂತಕ್ಕೆ ಕಾಯ್ತದೆ ಇದು?"

"ನೀವು ಕೂತ್ಕೊಂಡು ಉಸಿರು ತಗೊಳ್ಳಿ ಅಂತ."

ಮೂವರೂ ಕಾದೆವು. ಮೋಟಾರು ಶುರುವಾಯಿತು.